ನೆಂಟರಿಗೆಂದು ಖಾರ ಇಳಿಸಿದ ಸಾರು: ಚರ್ಚಿನ ಆರಾಧನೆ ಯಾರಿಗಾಗಿ?

1975ರಲ್ಲಿ ಅಮೆರಿಕದ ಶಿಕಾಗೊ ನಗರದ ಹೊರವಲಯದಲ್ಲಿ ಒಂದಷ್ಟು ಯುವಕರು ಮನೆಮನೆ ಬಾಗಿಲು ತಟ್ಟಿದರು. ಅವರ ಮುಂದಾಳು ಬಿಲ್ ಹೈಬಲ್ಸ್. ಇನ್ನೂ 23ರ ಹುಡುಗ. ಬಾಗಿಲು ತೆರೆದವರಿಗೆ ಕೇಳುತ್ತಿದ್ದ ಪ್ರಶ್ನೆ ಒಂದೇ: ನೀವು ಚರ್ಚಿಗೆ ಹೋಗ್ತೀರಾ? ಹೋಗ್ತೀವಿ ಅಂದವರಿಗೆ ನಮಸ್ಕಾರ ಹೇಳಿ ಪಕ್ಕದ ಮನೆಗೆ ಹೋಗುತ್ತಿದ್ದರು. ಹೋಗಲ್ಲ ಅಂದವರನ್ನು ಮಾತ್ರ ಹಿಡಿದು ನಿಲ್ಲಿಸಿ, ಯಾಕೆ ಅಂತ ವಿಚಾರಿಸುತ್ತಿದ್ದರು.

ಬಂದ ಉತ್ತರಗಳು ನಮಗೂ ಹೊಸದೇನಲ್ಲ. ಯಾವಾಗಲೂ ದುಡ್ಡು ಕೇಳುತ್ತಾರೆ. ಬೋರು ಹೊಡೆಯುತ್ತದೆ. ಅಲ್ಲಿ ಹೇಳುವುದಕ್ಕೂ ನಮ್ಮ ಬದುಕಿಗೂ ಸಂಬಂಧವೇ ಇಲ್ಲ. ಹೋಗಿ ಬಂದರೆ ಏನೋ ತಪ್ಪು ಮಾಡಿದ ಹಾಗೆ ಮನಸ್ಸು ಮುದುಡುತ್ತದೆ.

ಈ ದೂರುಗಳನ್ನೇ ಮುಂದಿಟ್ಟುಕೊಂಡು ಅವರೊಂದು ಚರ್ಚು ಕಟ್ಟಿದರು. ದುಡ್ಡಿಗಾಗಿ ಮನೆಮನೆಗೆ ಟೊಮೆಟೊ ಮಾರಿದರು. ಅದೇ ಅಕ್ಟೋಬರಿನಲ್ಲಿ ಪ್ಯಾಲಟೈನ್ ಎಂಬ ಊರಿನ ವಿಲೋ ಕ್ರೀಕ್ ಅನ್ನೋ ಸಿನಿಮಾ ಥಿಯೇಟರಿನಲ್ಲಿ ಮೊದಲ ಆರಾಧನೆ ನಡೆಯಿತು. ಚರ್ಚಿಗೂ ಥಿಯೇಟರಿನ ಹೆಸರೇ ಅಂಟಿಕೊಂಡಿತು.

ವಾರಾಂತ್ಯದ ಕೂಟವನ್ನು ಅವರು ಚರ್ಚಿಗೆ ಬರದವರಿಗಾಗಿಯೇ ಮೀಸಲಿಟ್ಟರು. ಇಂಥವರಿಗೆ ಆ ವಲಯದಲ್ಲಿ ಸಿಕ್ಕ ಹೆಸರು 'ಸೀಕರ್'. ಅಂದರೆ ಇನ್ನೂ ನಂಬಿಲ್ಲ, ಆದರೆ ಏನನ್ನೋ ಹುಡುಕುತ್ತಿದ್ದಾನೆ. ಅವನಿಗೆಂದು ಬ್ಯಾಂಡು ಬಂತು, ಕಿರುನಾಟಕ ಬಂತು. ಸಂಸಾರ, ಕೆಲಸ, ಒಂಟಿತನದ ಬಗ್ಗೆ ಪ್ರಸಂಗ, ಅಂದರೆ ಪಾಸ್ಟರರ ಪ್ರವಚನ, ಬಂತು. ಹೊಸಬರು ಕಾಣಿಕೆ ಹಾಕಬೇಕಾಗಿಲ್ಲ ಎಂದು ಹೇಳಿಬಿಡುತ್ತಿದ್ದರು. ಮುಂದೆ 1981ರಲ್ಲಿ ಸೌತ್ ಬ್ಯಾರಿಂಗ್ಟನ್‌ನಲ್ಲಿ ಸ್ವಂತ ಸಭಾಂಗಣ ಎದ್ದಿತು. ಅದರೊಳಗೆ ಶಿಲುಬೆಯೂ ಇರಲಿಲ್ಲ. ಯಾವುದೋ ಕಂಪನಿಯ ದೊಡ್ಡ ಹಾಲಿನ ಹಾಗಿತ್ತು. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ, ಬೈಬಲಿನ ಗಟ್ಟಿ ಪಾಠ, ವಿಶ್ವಾಸಿಗಳ ಆರಾಧನೆ ಎಲ್ಲ ವಾರದ ನಡುವಿನ ಒಂದು ಸಂಜೆಗೆ ಹೋದವು.

ಫಲ ಸಿಕ್ಕಿತು. ವಾರಕ್ಕೆ 20,000ಕ್ಕೂ ಜಾಸ್ತಿ ಜನ ಬರುವ ಚರ್ಚಾಯಿತು ಅದು. ಜಗತ್ತಿನ ನಾನಾ ಕಡೆಯ ಪಾಸ್ಟರುಗಳು ಅಲ್ಲಿಗೆ ಕಲಿಯಲು ಹೋದರು.

ಆದರೂ ಈ ಬಗೆಯ ಆರಾಧನೆ ಸರಿಯೇ ಎಂದು ಚರ್ಚಿನವರಲ್ಲೇ ಜಗಳ ನಡೆದಿದೆ. ಫಲ ಸಿಕ್ಕ ಮೇಲೂ ಆತಂಕ ಯಾಕೆ? ಈ ಜಗಳ ಗಿಟಾರು, ಡ್ರಮ್ಮು, ಕಾಫಿ ಕೌಂಟರಿನದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ವಯಸ್ಸಾದವರಿಗೆ ಸದ್ದು ಆಗಲ್ಲ, ಅಷ್ಟೇ ಅನ್ನುವವರೂ ಇದ್ದಾರೆ. ಅದೂ ಇದೆ, ಇಲ್ಲವೆನ್ನಲಾರೆ. ಆದರೆ ತಿಳಿದವರು ಎತ್ತುವ ಪ್ರಶ್ನೆ ಬೇರೆ. ಇನ್ನೂ ನಂಬದವನೊಬ್ಬನಿಗೆ ಹಿತವಾಗಬೇಕು ಎಂಬುದೇ ಆರಾಧನೆಯ ಅಳತೆಗೋಲಾದರೆ, ಯಾವುದು ಸದ್ದಿಲ್ಲದೆ ಹೊರಗೆ ಹೋಗುತ್ತದೆ?

ನಮ್ಮ ಮನೆಗಳಲ್ಲಿ ಖಾರ ತಿನ್ನದ ನೆಂಟರು ಬಂದರೆ ಸಾರಿಗೆ ಮೆಣಸಿನಪುಡಿ ಕಡಿಮೆ ಹಾಕುತ್ತೇವೆ. ಅದು ಮರ್ಯಾದೆ. ಆದರೆ ನೆಂಟರು ಪ್ರತಿ ವಾರ ಬರುತ್ತಿದ್ದರೆ? ಒಂದು ದಿನ ಮನೆಮಕ್ಕಳಿಗೇ ಆ ಮನೆಯ ಸಾರಿನ ರುಚಿ ಗೊತ್ತಿರುವುದಿಲ್ಲ.

ಮೊದಲು ಹೈಬಲ್ಸ್ ಕಡೆಯ ವಾದಕ್ಕೆ ನ್ಯಾಯ ಕೊಡೋಣ. ಹೊರಗಿನವನ ಬಗ್ಗೆ ಯೋಚಿಸುವುದು ಬೈಬಲಿಗೆ ಹೊರತಾದ ಬುದ್ಧಿಯೇನಲ್ಲ. ಕೊರಿಂಥ ಎಂಬ ಗ್ರೀಕ್ ಊರಿನ ಸಭೆಯವರು, ಅಂದರೆ ಅಲ್ಲಿನ ಕ್ರೈಸ್ತರು, ಆರಾಧನೆಯಲ್ಲಿ ಯಾರಿಗೂ ಅರ್ಥವಾಗದ ವಾಣಿಗಳನ್ನು ಆಡುತ್ತಿದ್ದರು. ಮೊದಲ ಶತಮಾನದ ಕ್ರೈಸ್ತ ಬೋಧಕ ಪೌಲನು ಅವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯದಲ್ಲಿ ಅವರ ಕಿವಿ ಹಿಂಡುತ್ತಾನೆ. ನಂಬದವನೊಬ್ಬ ಒಳಗೆ ಬಂದರೆ ನಿಮಗೆಲ್ಲ ಹುಚ್ಚು ಹಿಡಿದಿದೆ ಅನ್ನುವುದಿಲ್ಲವೇ ಎಂದು ಕೇಳುತ್ತಾನೆ. ಸೀಕರ್ ಚರ್ಚಿನವರು ತೋರಿಸುವ ವಚನ ಇದೇ. ಆದರೆ ಪೌಲ ಅಲ್ಲಿಗೇ ನಿಲ್ಲಿಸುವುದಿಲ್ಲ. ಅರ್ಥವಾಗುವ ಮಾತು ಕೇಳಿದಾಗ ಆ ಹೊರಗಿನವನ ಮನಸ್ಸಿನ ಗುಟ್ಟು ಬಯಲಾಗುತ್ತದೆ, ಅವನು ಅಡ್ಡಬೀಳುತ್ತಾನೆ, ದೇವರು ನಿಜವಾಗಿ ನಿಮ್ಮ ನಡುವೆ ಇದ್ದಾನೆ ಎನ್ನುತ್ತಾನೆ. ಅಂದರೆ ಮಾತು ಅವನಿಗೆ ಅರ್ಥವಾಗಬೇಕು. ಹಿತವಾಗಲೇಬೇಕು ಎಂದು ಪೌಲ ಹೇಳಿಲ್ಲ. ಈ ಎರಡರ ನಡುವಿನ ವ್ಯತ್ಯಾಸವೇ ಇಡೀ ಚರ್ಚೆಯ ತಿರುಳು ಅಂತ ನನಗನ್ನಿಸುತ್ತದೆ.

ಅರ್ಥ ಮಾಡಿಸುವ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ ನಮಗೆಲ್ಲ ನಿಘಂಟಿನಿಂದ ಗೊತ್ತು. ಅವರು ಯೇಸುವಿನ ಕಥೆಯನ್ನು ಕನ್ನಡದ ಹಳೆಯ ಛಂದಸ್ಸಿಗೆ ಕೂಡಿಸಿ ಪದ್ಯವಾಗಿಯೂ ಬರೆದರು. ಕಥೆ ಅದೇ, ಧಾಟಿ ಕನ್ನಡದ್ದು. ಕ್ಯಾಥೊಲಿಕರಲ್ಲಿ ಇನ್ನೂ ಮುಂದಕ್ಕೆ ಹೋದದ್ದು ಬೆಂಗಳೂರಿನಲ್ಲೇ. ಕ್ಯಾಥೊಲಿಕ್ ಚರ್ಚಿನ ಸುಧಾರಣೆಗೆ ಬಿಷಪ್ಪರೆಲ್ಲ ಕೂಡಿದ ಎರಡನೇ ವ್ಯಾಟಿಕನ್ ಸಭೆಯ ನಂತರ, 1967ರಲ್ಲಿ, ಅಮಲೋರ್‌ಪವದಾಸ್ ಎಂಬ ಗುರುಗಳು ಬೈಬಲ್, ಧರ್ಮೋಪದೇಶ, ಆರಾಧನೆಗಳಿಗೆ ಮೀಸಲಾದ ಎನ್‌ಬಿಸಿಎಲ್‌ಸಿ ಎಂಬ ರಾಷ್ಟ್ರೀಯ ಕೇಂದ್ರ ಕಟ್ಟಿದರು. 1969ರಲ್ಲಿ ರೋಮ್ ಭಾರತದ ಬಲಿಪೂಜೆಗೆ (ಕ್ಯಾಥೊಲಿಕರು ಕರ್ತನ ಭೋಜನ ನಡೆಸುವ ಆರಾಧನೆಗೆ) 12 ಹೊಂದಾಣಿಕೆಗಳನ್ನು ಒಪ್ಪಿತು. ಚಪ್ಪಲಿ ಬಿಟ್ಟು ಒಳಗೆ ಬರುವುದು, ನೆಲದ ಮೇಲೆ ಕೂರುವುದು, ಕೈ ಮುಗಿಯುವುದು, ಆರತಿ ಎತ್ತುವುದು. ಇದಕ್ಕೆ ಎರಡೂ ಕಡೆಯಿಂದ ಬೈಗುಳ ಬಿತ್ತು. ನಮ್ಮ ಪೂಜೆಯನ್ನು ಹಿಂದೂ ಮಾಡುತ್ತಿದ್ದಾರೆ ಎಂದು ಕೆಲವು ಕ್ಯಾಥೊಲಿಕರು ಸಿಟ್ಟಾದರು. ಇದು ಹಿಂದೂಗಳನ್ನು ಸೆಳೆಯುವ ಗಾಳ ಎಂದು ಕೆಲವು ಹಿಂದೂಗಳು ಅನುಮಾನಪಟ್ಟರು. ಈ ಎರಡನೇ ಅನುಮಾನ ನಮ್ಮ ಕಡೆ ಇವತ್ತಿಗೂ ಆರಿಲ್ಲ. 'ಸೆಳೆಯುವುದು' ಅಂದ ಕೂಡಲೇ ಮತಾಂತರ, ಆಮಿಷ, 2022ರ ಕಾಯ್ದೆ, ಎಲ್ಲ ನೆನಪಾಗುತ್ತವೆ. ಇಲ್ಲಿ ಅದು ನನ್ನ ವಿಷಯವಲ್ಲ. ಚರ್ಚಿನೊಳಗಿನವರೇ ತಮ್ಮೊಳಗೆ ನಡೆಸುವ ವಾದ ಇದು.

ಹೈಬಲ್ಸ್ ಈ ದಾರಿಯಲ್ಲಿ ಮೊದಲಿಗರೇನಲ್ಲ. ಅವರಿಗಿಂತ 20 ವರ್ಷ ಹಿಂದೆ, 1955ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ಶುಲರ್ ಒಂದು ಡ್ರೈವ್-ಇನ್ ಥಿಯೇಟರನ್ನು ಬಾಡಿಗೆಗೆ ಹಿಡಿದರು. ತಿಂಡಿ ಅಂಗಡಿಯ ಚಾವಣಿ ಹತ್ತಿ ಪ್ರಸಂಗ ಮಾಡಿದರು. ಜನ ಕಾರಿನಿಂದ ಇಳಿಯದೆಯೇ ಕೇಳಿದರು. ಶುಲರ್ ಪಾಪದ ಮಾತು ಕಡಿಮೆ ಮಾಡಿ ಆತ್ಮಗೌರವದ ಮಾತು ಜಾಸ್ತಿ ಮಾಡಿದರು. ಪಾಸ್ಟರುಗಳಿಗೆ ತರಬೇತಿಯನ್ನೂ ನಡೆಸಿದರು. ಅಲ್ಲಿಗೆ ಹೋಗಿ ಬಂದವರಲ್ಲಿ ಹೈಬಲ್ಸ್ ಒಬ್ಬರು.

ಇನ್ನೊಬ್ಬರು ರಿಕ್ ವಾರೆನ್. 1980ರಲ್ಲಿ ಅವರು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಸ್ಯಾಡಲ್‌ಬ್ಯಾಕ್ ಚರ್ಚು ಶುರುಮಾಡಿದರು. 15,000 ಮನೆಗಳಿಗೆ ಪತ್ರ ಕಳಿಸಿದರು. ಈಸ್ಟರ್ ದಿನ ಒಂದು ಹೈಸ್ಕೂಲಿನಲ್ಲಿ 205 ಜನ ಸೇರಿದರು. ಅವರು 'ಸ್ಯಾಡಲ್‌ಬ್ಯಾಕ್ ಸ್ಯಾಮ್' ಎಂಬ ಒಬ್ಬ ಕಲ್ಪನೆಯ ಮನುಷ್ಯನ ಚಿತ್ರವನ್ನೇ ಬರೆಸಿಟ್ಟಿದ್ದರು. ಓದಿದವನು, ಒಳ್ಳೆ ಸಂಬಳದವನು, ತನ್ನ ಕೆಲಸ ಮತ್ತು ಊರು ಇಷ್ಟಪಡುವವನು, ಆರೋಗ್ಯದ ಕಾಳಜಿ ಇರುವವನು. ಬಟ್ಟೆ, ಸಂಗೀತ, ಭಾಷೆ ಎಲ್ಲ ಅವನಿಗೆ ಒಗ್ಗಬೇಕು. ಸಂದೇಶ ಮಾತ್ರ ಬದಲಾಗಬಾರದು ಎಂದು ವಾರೆನ್ ಸ್ಪಷ್ಟವಾಗಿ ಹೇಳುತ್ತಿದ್ದರು. ಆಡಳಿತ ಶಾಸ್ತ್ರದ ಗುರು ಪೀಟರ್ ಡ್ರಕರ್ ಅವರಿಗೆ ಮಾರ್ಗದರ್ಶಕರು. ನಿಮ್ಮ ವ್ಯಾಪಾರ ಏನು, ನಿಮ್ಮ ಗಿರಾಕಿ ಯಾರು, ಗಿರಾಕಿ ಬೆಲೆ ಕೊಡುವುದು ಯಾವುದಕ್ಕೆ? ಡ್ರಕರ್ ಕಂಪನಿಗಳಿಗೆ ಕೇಳುತ್ತಿದ್ದ ಈ ಪ್ರಶ್ನೆಗಳು ಚರ್ಚಿನ ಮೀಟಿಂಗುಗಳಿಗೂ ಬಂದವು.

ಗಿರಾಕಿ ಅನ್ನುವ ಮಾತಿನಲ್ಲೇ ತೊಡಕಿದೆ. ಅಂಗಡಿಯಲ್ಲಿ ಗಿರಾಕಿ ಹೇಳಿದ್ದೇ ಸರಿ. ಅವನಿಗೆ ಇಷ್ಟವಾಗದ ಸರಕನ್ನು ಅಂಗಡಿಯವನು ಇಡುವುದಿಲ್ಲ. ಆದರೆ ಕ್ರೈಸ್ತ ನಂಬಿಕೆಯ ಪ್ರಕಾರ ಮನುಷ್ಯನಿಗೆ ಏನು ಬೇಕು ಅನ್ನುವುದು ಅವನಿಗೇ ಸರಿಯಾಗಿ ಗೊತ್ತಿರುವುದಿಲ್ಲ. ಪಾಪ ಎಂಬ ಮಾತಿನ ಒಂದು ಅರ್ಥವೇ ಅದು, ಬಯಕೆಯೇ ದಾರಿ ತಪ್ಪಿದೆ ಎಂಬುದು. ಹಾಗಿರುವಾಗ ಆ ಬಯಕೆಯನ್ನೇ ಸರ್ವೇ ಮಾಡಿ ಆರಾಧನೆ ರೂಪಿಸಿದರೆ ಹೇಗೆ? ಜ್ವರ ಬಂದವನನ್ನು ಕೇಳಿ ಔಷಧಿ ಬರೆದ ಹಾಗಾಯಿತು, ಅಲ್ವಾ?

ಯಾರೂ ಒಂದು ದಿನ ಕೂತು ಶಿಲುಬೆಯ ಮಾತು ಬೇಡ ಎಂದು ತೀರ್ಮಾನ ಮಾಡುವುದಿಲ್ಲ. ಅದು ನಿಧಾನವಾಗಿ ಆಗುತ್ತದೆ. ಪಾಪದ ಅರಿಕೆ ಹೊಸಬರಿಗೆ ಮುಜುಗರ, ಅದನ್ನು ಮೊಟಕು ಮಾಡೋಣ. ಉದ್ದದ ಬೈಬಲ್ ಪಾಠ ಬೋರು, ಎರಡು ವಚನ ಸಾಕು. ದುಃಖದ ಕೀರ್ತನೆಗಳು ಬೇಡ, ಭಾನುವಾರ ಬೆಳಗ್ಗೆ ಯಾರು ಅಳೋಕೆ ಬರ್ತಾರೆ? ಕರ್ತನ ಭೋಜನ ಹೊರಗಿನವರಿಗೆ ಅರ್ಥವಾಗಲ್ಲ, ತಿಂಗಳಿಗೊಮ್ಮೆ ಮಾಡೋಣ, ಇಲ್ಲವಾದರೆ ಬುಧವಾರಕ್ಕೆ ಹಾಕೋಣ. ಒಂದೊಂದೇ ನಿರ್ಧಾರಕ್ಕೂ ಒಳ್ಳೆಯ ಕಾರಣ ಇದೆ. ಎಲ್ಲ ಕೂಡಿಸಿ ನೋಡಿದರೆ ಉಳಿಯುವುದು ಒಳ್ಳೆಯ ಹಾಡು ಮತ್ತು ಬದುಕಿಗೆ ನಾಲ್ಕು ಉಪಯೋಗದ ಮಾತು. ಅದು ಕೇಳಲು ಯೇಸು ಶಿಲುಬೆಗೇರಬೇಕಾಗಿರಲಿಲ್ಲ ಎಂಬುದೇ ಟೀಕಾಕಾರರ ಮಾತು.

ಅವರು ಯೋಹಾನನ ಸುವಾರ್ತೆಯ 6ನೇ ಅಧ್ಯಾಯವನ್ನೂ ಎತ್ತುತ್ತಾರೆ. ಐದು ರೊಟ್ಟಿಯಲ್ಲಿ ಐದು ಸಾವಿರ ಜನ ಉಂಡರು. ಮಾರನೆಯ ದಿನವೂ ಜನ ಯೇಸುವನ್ನು ಹುಡುಕಿಕೊಂಡು ಬಂದರು. ಈಗಿನ ಲೆಕ್ಕದಲ್ಲಿ ಭರ್ಜರಿ ಬೆಳವಣಿಗೆ. ಆಗ ಯೇಸು ನೀವು ಬಂದದ್ದು ಹೊಟ್ಟೆ ತುಂಬಿತು ಅಂತ ಎಂದು ಮುಖಕ್ಕೇ ಹೇಳುತ್ತಾನೆ. ಆಮೇಲೆ ಗಂಟಲಲ್ಲಿ ಇಳಿಯದಂಥ ಮಾತುಗಳನ್ನು ಆಡುತ್ತಾನೆ. ಬಹಳ ಮಂದಿ ಬಿಟ್ಟು ಹೋಗುತ್ತಾರೆ. ಅವನು ಅವರ ಹಿಂದೆ ಓಡುವುದಿಲ್ಲ. ಉಳಿದ ಹನ್ನೆರಡು ಜನರತ್ತ ತಿರುಗಿ ನೀವೂ ಹೋಗ್ತೀರಾ ಎಂದು ಕೇಳುತ್ತಾನೆ.

ಇನ್ನು ಮನೆಮಕ್ಕಳ ಕಥೆ. ಇದನ್ನು ಹೊರಗೆ ತಂದದ್ದು ವಿಲೋ ಕ್ರೀಕ್ ಚರ್ಚೇ. ಅವರು ತಮ್ಮದೇ ಜನರ ಸಮೀಕ್ಷೆ ಮಾಡಿಸಿ, 2007ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಅವರ ಲೆಕ್ಕ ಹೀಗಿತ್ತು: ಜನ ಚರ್ಚಿನ ಚಟುವಟಿಕೆಗಳಲ್ಲಿ ಎಷ್ಟು ಜಾಸ್ತಿ ಸೇರುತ್ತಾರೋ, ದೇವರ ಮೇಲಿನ, ನೆರೆಯವರ ಮೇಲಿನ ಪ್ರೀತಿಯಲ್ಲಿ ಅಷ್ಟು ಬೆಳೆಯುತ್ತಾರೆ. ಆ ಲೆಕ್ಕ ತಪ್ಪಿತ್ತು. ನಂಬಿಕೆಯಲ್ಲಿ ಮುಂದೆ ಹೋದವರಲ್ಲೇ ಒಂದು ಪಾಲು ಜನ ಚರ್ಚಿನ ಬಗ್ಗೆ ಅತೃಪ್ತರಾಗಿದ್ದರು. ಬಿಟ್ಟು ಹೋಗುವ ಯೋಚನೆಯಲ್ಲೂ ಕೆಲವರಿದ್ದರು. ಬೈಬಲನ್ನು ತಾವೇ ಓದಿ ಬೆಳೆಯುವುದನ್ನು ಜನರಿಗೆ ಮೊದಲಿನಿಂದಲೇ ಕಲಿಸಬೇಕಿತ್ತು ಎಂದು ಹೈಬಲ್ಸ್ ಒಪ್ಪಿಕೊಂಡರು. ತಮ್ಮ ತಪ್ಪನ್ನು ತಾವೇ ಅಳೆದು ಊರಿಗೆಲ್ಲ ಹೇಳುವ ಸಂಸ್ಥೆಗಳು ಕಡಿಮೆ. ಟೀಕಾಕಾರರು ಇದನ್ನು ಎತ್ತಿ ಕುಣಿದಾಡಿದರು, ಅದು ನನಗೆ ಅಷ್ಟು ಇಷ್ಟವಾಗಲಿಲ್ಲ. ಹಳೆಯ ಶೈಲಿಯ ಚರ್ಚುಗಳು ಇಂಥ ಸಮೀಕ್ಷೆ ಮಾಡಿಸಿದ್ದರೆ ಏನು ಬರುತ್ತಿತ್ತೋ.

ಸ್ಯಾಲಿ ಮಾರ್ಗೆಂಥಾಲರ್ ಅವರದು ಇನ್ನೊಂದು ಬಗೆಯ ಅನುಭವ. ಜೀವಂತ ಆರಾಧನೆಯೇ ಹೊರಗಿನವರನ್ನು ಸೆಳೆಯುತ್ತದೆ ಎಂದು 1990ರ ದಶಕದಲ್ಲಿ ಬರೆದು, ಊರೂರು ತಿರುಗಿ ಹೇಳಿದವರು ಅವರು. 2007ರಲ್ಲಿ ಅವರೇ ಹಿಂದೆ ಸರಿದರು. ಭರ್ಜರಿ ಆರಾಧನೆ ನಡೆಸುವ ಚರ್ಚುಗಳಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಬೇರೆ ಚರ್ಚು ಬಿಟ್ಟು ಬಂದ ಕ್ರೈಸ್ತರೇ ಆಗಿದ್ದರು. ನಂಬದವರು ಮನೆಯಲ್ಲೇ ಇದ್ದರು.

ಸುಮ್ನೆ ಒಮ್ಮೆ ಹಿಂದಕ್ಕೆ ನೋಡಿದರೆ, ಹಳೆಯ ಸಭೆಯ ರೀತಿ ಪೂರ್ತಿ ತಿರುಗುಮುರುಗಾಗಿತ್ತು. ಮೊದಲ ಶತಮಾನಗಳಲ್ಲಿ ದೀಕ್ಷಾಸ್ನಾನ ಆಗದವರು ಬೈಬಲ್ ಪಾಠ, ಪ್ರಸಂಗ ಕೇಳಬಹುದಿತ್ತು. ಆಮೇಲೆ ಅವರನ್ನು ಹೊರಗೆ ಕಳಿಸಿ ಕರ್ತನ ಭೋಜನ ನಡೆಸುತ್ತಿದ್ದರು. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳ ಆರಾಧನೆಯಲ್ಲಿ 'ಬಾಗಿಲು, ಬಾಗಿಲು' ಎಂಬ ಕೂಗು ಇವತ್ತಿಗೂ ಇದೆ. ಹೊರಗಿನವರು ಬರದಂತೆ ಬಾಗಿಲು ಕಾಯಿರಿ ಎಂದು ಹೇಳುತ್ತಿದ್ದುದರ ನೆನಪು ಅದು. ಆಗ ಹೊರಗಿನವರನ್ನು ಸೆಳೆದದ್ದು ಆರಾಧನೆಯ ಹೊರಗಿನ ಬದುಕು: ಹಸಿದವರಿಗೆ ಊಟ, ರೋಗಿಗಳ ಆರೈಕೆ, ಸಾವಿಗೆ ಹೆದರದ ಧೈರ್ಯ.

ಅಮೆರಿಕದಲ್ಲಿ ಗಾಳಿ ತಿರುಗಿಸಿದವರು ಚಾರ್ಲ್ಸ್ ಫಿನ್ನಿ ಎಂಬ ಪ್ರಸಂಗಿ. ಉಜ್ಜೀವನ, ಅಂದರೆ ಜನರಲ್ಲಿ ನಂಬಿಕೆ ಮತ್ತೆ ಚಿಗುರುವುದು, ಪವಾಡವೇನಲ್ಲ, ಸರಿಯಾದ ಉಪಾಯ ಬಳಸಿದರೆ ಬಂದೇ ಬರುತ್ತದೆ ಎಂದು 1835ರಲ್ಲಿ ಅವರು ಉಪನ್ಯಾಸ ಕೊಟ್ಟರು. ಮನಸ್ಸು ಕಲಕಿದವರನ್ನು ಮುಂದಿನ ಬೆಂಚಿಗೆ ಕರೆದು ಕೂರಿಸುವುದು ಅವರ ಒಂದು ಉಪಾಯ. ಜಾನ್ ನೆವಿನ್ ಎಂಬ ಪಂಡಿತರು 1843ರಲ್ಲಿ ಆ ಬೆಂಚಿನ ಮೇಲೇ ಹರಿಹಾಯ್ದರು. ಆ ಗಳಿಗೆಯ ಆವೇಶಕ್ಕಿಂತ ವರ್ಷಗಟ್ಟಲೆ ಕಲಿಸುವ, ಬೆಳೆಸುವ ಸಭೆ ಮುಖ್ಯ ಎಂದು ವಾದಿಸಿದರು. ಹೆಸರು ಬದಲಿಸಿದರೆ ಇವತ್ತಿನ ಜಗಳವೇ.

ಈ ಕಥೆಯಲ್ಲಿ ಭಾರತದ ಬೇರೂ ಒಂದಿದೆ, ಅದನ್ನು ಕಡಿಮೆ ಜನ ಹೇಳುತ್ತಾರೆ. ಡೊನಾಲ್ಡ್ ಮೆಕ್‌ಗ್ಯಾವ್ರನ್ 1897ರಲ್ಲಿ ಇಂದಿನ ಮಧ್ಯಪ್ರದೇಶದ ದಮೋಹ್‌ನಲ್ಲಿ ಹುಟ್ಟಿದ ಮಿಷನರಿ. ವರ್ಷಾನುಗಟ್ಟಲೆ ದುಡಿದರೂ ಕೆಲವು ಕಡೆ ಸಭೆ ಬೆಳೆಯುವುದೇ ಇಲ್ಲ, ಕೆಲವು ಕಡೆ ಊರಿಗೆ ಊರೇ ಬರುತ್ತದೆ. ಇದು ಯಾಕೆ ಎಂದು ಅವರು ತಲೆ ಕೆಡಿಸಿಕೊಂಡರು. ಸಿಕ್ಕ ಉತ್ತರ: ಜನ ತಮ್ಮ ಕುಲ, ಭಾಷೆ, ವರ್ಗದ ಗೆರೆ ದಾಟದೆ ಕ್ರೈಸ್ತರಾಗಲು ಇಷ್ಟಪಡುತ್ತಾರೆ. ಹಾಗಾಗಿ ಒಂದೇ ಬಗೆಯ ಜನರ ನಡುವೆ ಸಭೆ ಕಟ್ಟಿ. 1965ರಲ್ಲಿ ಅವರು ಪಾಸ್ಟರುಗಳನ್ನು ತಯಾರು ಮಾಡುವ ಕ್ಯಾಲಿಫೋರ್ನಿಯಾದ ಫುಲರ್ ಸೆಮಿನರಿಗೆ ಹೋಗಿ ಇದನ್ನು ಪಾಠ ಮಾಡಿದರು. ವಿದ್ಯಾರ್ಥಿಯಾಗಿದ್ದ ವಾರೆನ್ 1974ರಲ್ಲಿ ಜಪಾನಿನಲ್ಲಿ ಮೆಕ್‌ಗ್ಯಾವ್ರನ್ ಬಗ್ಗೆ ಒಂದು ಲೇಖನ ಓದಿ ಮರುಳಾದರು. ಸ್ಯಾಡಲ್‌ಬ್ಯಾಕ್ ಸ್ಯಾಮ್‌ನ ತಾತನನ್ನು ಹುಡುಕಿದರೆ ಮಧ್ಯ ಭಾರತದ ಹಳ್ಳಿಯೊಂದರಲ್ಲಿ ಸಿಗುತ್ತಾನೆ!

ಅಮೆರಿಕದವರಿಗೆ 'ಒಂದೇ ಬಗೆಯ ಜನ' ಅಂದರೆ ಮಾರ್ಕೆಟಿಂಗ್ ಮಾತು. ನಮಗೆ ಅದು ಕೇಳಿದ ತಕ್ಷಣ ಬೇರೆಯೇ ಕೇಳಿಸುತ್ತದೆ. ಅದರ ಹೆಸರು ಜಾತಿ. ತಮಿಳುನಾಡಿನ ವಡಕ್ಕನ್‌ಕುಳಂನಲ್ಲಿ 19ನೇ ಶತಮಾನದಲ್ಲಿ ಒಂದು ಕ್ಯಾಥೊಲಿಕ್ ಚರ್ಚು ಕಟ್ಟಿದರು, ಪ್ಯಾಂಟಿನ ಎರಡು ಕಾಲಿನ ಆಕಾರದಲ್ಲಿ. ಒಂದು ಕಾಲಿನಲ್ಲಿ ಒಂದು ಜಾತಿ, ಇನ್ನೊಂದರಲ್ಲಿ ಇನ್ನೊಂದು. ಎರಡೂ ಕೂಡುವ ಕಡೆ ಬಲಿಪೀಠ. ಯಾರಿಗೂ ಯಾರ ಮುಖವೂ ಕಾಣದು, ಗುರುಗಳು ಮಾತ್ರ ಎಲ್ಲರಿಗೂ ಕಾಣುತ್ತಾರೆ. ನಡುವಿನ ಗೋಡೆ ಬಿದ್ದದ್ದು 1910ರಲ್ಲಿ. ಬರುವವರಿಗೆ ಮುಜುಗರವಾಗದ ಹಾಗೆ ಆರಾಧನೆ ರೂಪಿಸುವುದು ಅಂದರೆ ಕೊನೆಗೆ ಇಲ್ಲಿಗೂ ಬಂದು ಮುಟ್ಟಬಹುದು. ಮೇಲಿನ ಜಾತಿಯವನಿಗೆ ಎಲ್ಲಕ್ಕಿಂತ ದೊಡ್ಡ ಮುಜುಗರ ಕರ್ತನ ಭೋಜನದಲ್ಲಿ ಒಂದೇ ಬಟ್ಟಲಿನಿಂದ ಕುಡಿಯುವುದೇ ಆಗಿತ್ತಲ್ಲ. ಆ ಮುಜುಗರ ತಪ್ಪಿಸಿದರೆ ಸುವಾರ್ತೆಯಲ್ಲಿ ಉಳಿದದ್ದೇನು? ಕೊರಿಂಥದಲ್ಲೂ ಇದೇ ಗೋಳು. ಉಳ್ಳವರು ಮೊದಲೇ ಉಂಡು ಬಿಡುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ನೀವು ಉಣ್ಣುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದು ಪೌಲ ಗದರಿದ.

ಲೆಸ್ಲೀ ನ್ಯೂಬಿಗಿನ್ ತಮಿಳುನಾಡಿನಲ್ಲಿ ದಶಕಗಟ್ಟಲೆ ಇದ್ದವರು, ದಕ್ಷಿಣ ಭಾರತ ಸಭೆಯ ಬಿಷಪ್ ಆಗಿದ್ದವರು. ಅವರು ಮೆಕ್‌ಗ್ಯಾವ್ರನ್ ವಾದವನ್ನು ಗೌರವದಿಂದಲೇ ಎದುರಿಸಿದರು. ಜನ ಬರುವುದು ಸಂತೋಷವೇ, ಆದರೆ ಸಂಖ್ಯೆಯನ್ನೇ ಗುರಿ ಮಾಡಿಕೊಂಡರೆ ಸಭೆ ಯಾವ ಬಗೆಯ ಬದುಕಿಗೆ ಕರೆಯಬೇಕೋ ಅದು ಮರೆಯಾಗುತ್ತದೆ ಎಂಬುದು ಅವರ ಚಿಂತೆ. ಸುವಾರ್ತೆ ಎಂದರೇನು ಎಂದು ಹೊರಗಿನವನಿಗೆ ಅರ್ಥ ಮಾಡಿಸುವುದು ಅದನ್ನು ನಂಬಿ ಬಾಳುವ ಒಂದು ಸಭೆಯೇ ಎಂದು ಮುಂದೆ ಅವರು ಬರೆದರು.

ಹಾಗಂತ ಬಾಗಿಲು ಹಾಕಿ ಕೂರಬೇಕೇ? ನ್ಯೂಯಾರ್ಕಿನಲ್ಲಿ 1989ರಲ್ಲಿ ಚರ್ಚು ಕಟ್ಟಿದ ಟಿಮ್ ಕೆಲರ್ ಬೇರೊಂದು ದಾರಿ ಹಿಡಿದರು. ಅಲ್ಲಿ ಭಾನುವಾರದ ಆರಾಧನೆ ವಿಶ್ವಾಸಿಗಳದ್ದೇ ಆಗಿತ್ತು. ಪಾಪದ ಅರಿಕೆ, ಹಳೆಯ ಪ್ರಾರ್ಥನೆ, ಕರ್ತನ ಭೋಜನ, ಒಂದನ್ನೂ ಬಿಡುತ್ತಿರಲಿಲ್ಲ. ಆದರೆ ಅನುಮಾನ ಇರುವವರೂ ಕೂತಿದ್ದಾರೆ ಎಂಬ ಎಚ್ಚರದಲ್ಲಿ ಪ್ರತಿ ಹೆಜ್ಜೆಯನ್ನೂ ನಾಲ್ಕು ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸಾರು ಮನೆಯದ್ದೇ, ಖಾರವೂ ಅಷ್ಟೇ. ನೆಂಟರ ಪಕ್ಕ ಒಬ್ಬರು ಕೂತು ಯಾವುದನ್ನು ಯಾವುದರ ಜೊತೆ ಕಲಸಿಕೊಳ್ಳಬೇಕು ಅಂತ ಹೇಳಿಕೊಡುತ್ತಾರೆ. ನನಗೆ ಇದು ಒಪ್ಪಿಗೆಯಾಗುತ್ತದೆ. ಇದರಲ್ಲೂ ಅಪಾಯ ಇಲ್ಲದಿಲ್ಲ. ವಿವರಣೆಯೇ ಜಾಸ್ತಿಯಾಗಿ ಪ್ರಾರ್ಥನೆ ಪಾಠವಾಗಿಬಿಡಬಹುದು.

ಬೆಂಗಳೂರಿನಲ್ಲೂ ಈಗ ಹೋಟೆಲ್ ಹಾಲಿನಲ್ಲಿ ಆರಾಧನೆ ನಡೆಯುತ್ತದೆ. ಕಪ್ಪು ಪರದೆ, ಬಣ್ಣದ ದೀಪ, ಬಹುಪಾಲು ಇಂಗ್ಲಿಷು. ಅಂಥ ಒಂದು ಕಡೆ ನಾನು ಹೋಗಿದ್ದೆ. ಬಾಗಿಲಲ್ಲೇ ಹೆಸರು ಕೇಳಿ ಕೈ ಕುಲುಕಿದರು. ಅದು ನನ್ನ ಹಳೆಯ ಚರ್ಚಿನಲ್ಲಿ ಯಾವ ಹೊಸಬರಿಗೂ ಸಿಗುತ್ತಿರಲಿಲ್ಲ, ಹಾಗಾಗಿ ನಾಚಿಕೆಯೂ ಆಯಿತು. ಪ್ರಸಂಗ ಕೆಲಸದ ಒತ್ತಡದ ಬಗ್ಗೆ ಇತ್ತು. ಚೆನ್ನಾಗಿತ್ತು. ಮನೆಗೆ ಬಂದ ಮೇಲೆ ಯೋಚಿಸಿದೆ, ಯೇಸುವಿನ ಹೆಸರು ಹಾಡಿನಲ್ಲಿ ಬಿಟ್ಟರೆ ಇನ್ನೆಲ್ಲಿ ಬಂತು ಅಂತ. ನೆನಪಾಗಲಿಲ್ಲ.

ಶುಲರ್ ಚರ್ಚಿನ ಕಥೆ ಹೇಳುವುದು ಬಾಕಿ ಇದೆ. ಡ್ರೈವ್-ಇನ್ ಥಿಯೇಟರಿನಿಂದ ಶುರುವಾದದ್ದು 1980ರಲ್ಲಿ ಗಾಜಿನ ಅರಮನೆಯಂಥ ಚರ್ಚಾಯಿತು, 10,000ಕ್ಕೂ ಹೆಚ್ಚು ಗಾಜಿನ ಹಲಗೆಗಳದ್ದು. ಹೆಸರು ಕ್ರಿಸ್ಟಲ್ ಕ್ಯಾಥೀಡ್ರಲ್. ಟಿವಿಯಲ್ಲಿ ಜಗತ್ತೆಲ್ಲ ನೋಡಿತು. 2010ರಲ್ಲಿ ಅದು ಸಾಲ ತೀರಿಸಲಾಗದೆ ದಿವಾಳಿಗೆ ಅರ್ಜಿ ಹಾಕಿತು. ಆರೆಂಜ್ ಪ್ರಾಂತದ ಕ್ಯಾಥೊಲಿಕ್ ಧರ್ಮಪ್ರಾಂತವು ಕಟ್ಟಡವನ್ನು ಕೊಂಡುಕೊಂಡು, ರಿಪೇರಿ ಮಾಡಿಸಿ, 2019ರ ಜುಲೈನಲ್ಲಿ ತನ್ನ ಪ್ರಧಾನ ದೇವಾಲಯವಾಗಿ ಪ್ರತಿಷ್ಠೆ ಮಾಡಿತು. ಗಾಜು ಹಾಗೇ ಇದೆ. ಒಳಗೆ ಬಲಿಪೀಠ ಬಂದಿದೆ, ಅದರ ಮೇಲೆ ಶಿಲುಬೆ ತೂಗುತ್ತದೆ. ಬಲಿಪೂಜೆ ಇಂಗ್ಲಿಷ್, ಸ್ಪ್ಯಾನಿಷ್, ವಿಯೆಟ್ನಾಮೀಸ್ ಭಾಷೆಗಳಲ್ಲಿ ನಡೆಯುತ್ತದೆ. ಯಾರು ಬೇಕಾದರೂ ಹೋಗಿ ಕೂರಬಹುದು. ಪರಮಪ್ರಸಾದ, ಅಂದರೆ ಬಲಿಪೂಜೆಯ ರೊಟ್ಟಿ, ಮಾತ್ರ ಬಂದವರಿಗೆಲ್ಲ ಕೊಡುವುದಿಲ್ಲ.